ಬಲಗಡೆ ಹೃದಯವಿರುವ ಅಮ್ಮನಿಂದ

ಪ್ರೀತಿಯ ಮಗಳೇ,

ಹೃದಯ ಬಲಗಡೆ ಇರುವುದರಿಂದಲೇ ನನಗೆ ಹೃದಯಾಘಾತವಾಯಿತೇ ಎಂದು ಕೇಳಿದ್ದೀಯ. ಖಂಡಿತ ಅಲ್ಲ. ಎಲ್ಲರಿಗೂ ಆಗುವ ಹಾಗೆ ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬು ಶೇಖರವಾಗಿ, ಆ ಪದರ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿತ್ತು. ಹೃದಯ ಎಡಕ್ಕಿದ್ದರೂ ಇದು ತಪ್ಪುತ್ತಿರಲಿಲ್ಲ.

ಹೃದಯ ಬಲಗಡೆ ಇರುವುದನ್ನು ವೈದ್ಯರು ಡೆಕ್ಸ್ಟ್ರೋಕಾರ್ಡಿಯಾ ಎನ್ನುತ್ತಾರೆ. ನನ್ನಲ್ಲಿ ಯಕೃತ್ತು ಎಡಕ್ಕೆ, ಜಠರ ಮತ್ತು ಗುಲ್ಮ ಬಲಕ್ಕೆ ಇರುವುದರಿಂದ ಸೈಟಸ್ ಇನ್ವರ್ಸಸ್ ಎಂಬ ಹೆಸರೂ ಸೇರುತ್ತದೆ. ಸುಮಾರು 10,000 ಜನರಲ್ಲಿ ಒಬ್ಬರು ಹೀಗೆ ಹುಟ್ಟುತ್ತಾರೆ. ಎಲ್ಲ ಅಂಗಗಳೂ ಒಟ್ಟಿಗೇ ಅದಲುಬದಲಾದವರ ಹೃದಯದ ರಚನೆ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಹೃದಯ ಮಾತ್ರ ಬಲಕ್ಕಿದ್ದು ಉಳಿದವೆಲ್ಲ ಸ್ವಸ್ಥಾನದಲ್ಲಿದ್ದರೆ ರಂಧ್ರ, ಕವಾಟದ ದೋಷಗಳು ಹೆಚ್ಚು. ನಾನು ಅದೃಷ್ಟವಂತೆ.

ಆದರೆ ಆಘಾತವನ್ನು ಗುರುತಿಸುವಾಗ ಈ ಹುಟ್ಟುಗುಣ ಅಡ್ಡ ಬರುತ್ತದೆ. ನನಗೆ ನೋವು ಹರಿದದ್ದು ಬಲಭುಜಕ್ಕೆ, ಬಲಗೈಗೆ. ಎಡಗೈ ನೋವಿನ ಬಗ್ಗೆಯೇ ಕೇಳುತ್ತಾ ಬಂದವರಿಗೆ ಇದು ಸ್ನಾಯುವಿನ ನೋವೆನಿಸಬಹುದು. ತುರ್ತು ವಿಭಾಗದಲ್ಲಿ ಎಂದಿನಂತೆ ಎಡಎದೆಗೆ ಆರು ಎಲೆಕ್ಟ್ರೋಡ್ ಅಂಟಿಸಿ ಇಸಿಜಿ ತೆಗೆದರು. ಹೃದಯವನ್ನು ಒಂದೊಂದು ಕೋನದಿಂದ ದಾಖಲಿಸುವ ಗೆರೆಗೆ ಲೀಡ್ ಎನ್ನುತ್ತಾರೆ; ಮೊದಲನೆಯ ಲೀಡಿನಲ್ಲಿ ಅಲೆಗಳೆಲ್ಲ ತಲೆಕೆಳಗು. ಎದೆಯ ಆರು ಲೀಡುಗಳಲ್ಲಿ ವಿ1ರಿಂದ ವಿ6ರ ಕಡೆಗೆ ಹೋದಂತೆ ಅಲೆಗಳು ಕುಗ್ಗುತ್ತಾ ಹೋಗಿದ್ದವು. ಕೈಯ ತಂತಿಗಳು ಅದಲುಬದಲಾಗಿವೆಯೇನೋ ಎಂದು ನರ್ಸ್ ಪರೀಕ್ಷಿಸುತ್ತಿದ್ದಾಗ "ನನ್ನ ಹೃದಯ ಬಲಗಡೆ ಇದೆ" ಎಂದೆ. ಆಕೆ ಒಂದು ಕ್ಷಣವೂ ತಡಮಾಡದೆ ಎಲ್ಲವನ್ನೂ ಕಿತ್ತು, ಬಲಎದೆಗೆ ಅದೇ ಅಂತರದಲ್ಲಿ ಅಂಟಿಸಿ, ಕೈಯ ತಂತಿಗಳನ್ನೂ ಬದಲಿಸಿದರು. ಹೃದಯಾಘಾತದ ಗುರುತಾಗಿ ಇಸಿಜಿ ಗೆರೆಯ ಎಸ್‌ಟಿ ಎಂಬ ಭಾಗ ಮೇಲೆದ್ದಿರುವುದು ಆಗ ಸ್ಪಷ್ಟವಾಗಿ ಕಂಡಿತು. ಆ ಹುಡುಗಿಯ ಚುರುಕುತನವನ್ನು ನಾನು ಮರೆಯುವುದಿಲ್ಲ. ಮುಚ್ಚಿದ ರಕ್ತನಾಳ ತೆರೆಯುವ ಆಂಜಿಯೋಪ್ಲಾಸ್ಟಿ ಮಾಡಿದ ವೈದ್ಯರು ಕ್ಯಾತಿಟರ್ ಎಂಬ ತೆಳು ಕೊಳವೆಯನ್ನು ವಾಡಿಕೆಯ ದಿಕ್ಕಿಗೆ ವಿರುದ್ಧವಾಗಿ ತಿರುಗಿಸಿ, ಪರದೆಯ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಮಗುಚಿಕೊಂಡು ಸ್ಟೆಂಟ್ ಹಾಕಿದರು.

ಮುಂದೆಂದಾದರೂ ನನಗೆ ಮಾತನಾಡಲು ಆಗದಿದ್ದರೆ, "ಅಮ್ಮನ ಹೃದಯ ಬಲಗಡೆ ಇದೆ" ಎಂಬ ಆ ಒಂದು ವಾಕ್ಯವನ್ನು ನೀನೇ ಹೇಳಬೇಕು. ಹೆಸರು, ವಯಸ್ಸು ಹೇಳುವುದಕ್ಕೂ ಮೊದಲು. ಬಲಗಡೆಯಿಂದ ತೆಗೆದ ಇಸಿಜಿಯ ಚಿತ್ರ ನಿನ್ನ ಮೊಬೈಲಿನಲ್ಲಿರಲಿ. ಉಸಿರು ನಿಂತು ಎದೆ ಒತ್ತಬೇಕಾಗಿ ಬಂದರೆ ಬಲಗಡೆ ಒತ್ತಬೇಡ. ಎಲ್ಲರಿಗೂ ಒತ್ತುವಂತೆ ಎದೆಯ ನಡುವೆಯೇ ಒತ್ತು.

ಇನ್ನು ನಿನ್ನ ವಿಷಯ. ಚಿಕ್ಕವಳಿದ್ದಾಗಲೇ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದ್ದೇವೆ, ನಿನ್ನ ಹೃದಯ ಎಡಕ್ಕೇ ಇದೆ. ಅದರ ಬಗ್ಗೆ ನನಗೆ ಚಿಂತೆಯಿಲ್ಲ. ಚಿಂತೆ ಇರುವುದು ರಕ್ತನಾಳಗಳ ಬಗ್ಗೆ. ತಾಯಿಗೆ 65 ತುಂಬುವ ಮೊದಲೇ ಹೃದಯಾಘಾತವಾದರೆ ಮಕ್ಕಳಿಗೂ ಅಪಾಯ ಹೆಚ್ಚು ಎಂದು ವೈದ್ಯರು ಲೆಕ್ಕಹಾಕುತ್ತಾರೆ, ನನಗಿನ್ನೂ 58. ಈ ತಿಂಗಳೇ ಕೊಲೆಸ್ಟರಾಲ್, ಸಕ್ಕರೆ, ರಕ್ತದೊತ್ತಡ ಪರೀಕ್ಷೆ ಮಾಡಿಸಿಕೊ. ಅಮ್ಮನಿಗೆ ಆಘಾತವಾಗಿದೆ ಎಂದು ವೈದ್ಯರಿಗೆ ತಿಳಿಸು. ವರದಿ ಬಂದ ದಿನವೇ ನನಗೆ ಕಳುಹಿಸು, ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, ಎಷ್ಟಿದೆ ಎಂದು ನಾನೇ ನೋಡಬೇಕು.

ನಿನ್ನ ಅಮ್ಮ