ಮಳೆ ಹಿಡಿಯುವ ಮುಂಚೆ ಶಾಲೆಯ ಮಾಡು ಹೊದಿಸಬೇಕು: ಹಳೆ ವಿದ್ಯಾರ್ಥಿಗಳಿಗೂ ಊರಿನವರಿಗೂ ಒಂದು ಮನವಿ

ಆತ್ಮೀಯ ಹಳೆ ವಿದ್ಯಾರ್ಥಿಗಳೇ, ಪೋಷಕರೇ, ಊರಿನ ಬಂಧುಗಳೇ,

ನಮಸ್ಕಾರ. ಹೋದ ಆಗಸ್ಟಿನಲ್ಲಿ ನಮ್ಮ ಶಾಲೆಯ ಮಾಡು ಕುಸಿದ ಸುದ್ದಿ ನಿಮ್ಮಲ್ಲಿ ಹೆಚ್ಚಿನವರಿಗೆ ಅವತ್ತೇ ಮುಟ್ಟಿದೆ. ಫೋಟೋ ನೋಡಿ ರಾತ್ರಿ ಹತ್ತು ಗಂಟೆಯ ಮೇಲೂ ಫೋನ್ ಮಾಡಿದವರಿದ್ದೀರಿ. ಆಗ ನನಗೆ ಸರಿಯಾಗಿ ಮಾತಾಡಲು ಆಗಲಿಲ್ಲ. ಈಗ ಆಡಳಿತ ಮಂಡಳಿಯ ಪರವಾಗಿ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು. ದಯವಿಟ್ಟು ಪೂರ್ತಿ ಓದಿ.

ಆಶ್ಲೇಷಾ ಮಳೆ ನಾಲ್ಕು ದಿನದಿಂದ ಬಿಟ್ಟಿರಲಿಲ್ಲ. ಅವತ್ತು ಮಳೆ ರಜೆ ಕೊಟ್ಟಿದ್ದರು. ದೇವರು ದೊಡ್ಡವನು, ಬೇರೆ ಏನೂ ಹೇಳಲು ತೋಚುವುದಿಲ್ಲ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಂಬತ್ತನೇ ತರಗತಿಯ ಕೋಣೆಯ ನಡುವಿನ ತೊಲೆ ಮುರಿದು ಬಿತ್ತು. ಅದರ ಜೊತೆಗೆ ಪಕಾಸಿ, ರೀಪು, ಹೆಂಚು ಎಲ್ಲ ಒಟ್ಟಿಗೆ ಇಳಿದವು. ನಾವು ಓಡಿ ಹೋಗಿ ನೋಡಿದಾಗ ಹುಡುಗಿಯರ ಸಾಲಿನ ಎರಡನೇ ಬೆಂಚಿನ ಮೇಲೆ ಮೊಣಕಾಲೆತ್ತರ ಹೆಂಚಿನ ರಾಶಿ ಇತ್ತು. ಬೋರ್ಡಿನ ಮೇಲೆ ಹಿಂದಿನ ದಿನದ ಲೆಕ್ಕ ಹಾಗೇ ಇತ್ತು. ಅದರ ಮೇಲಿಂದ ಕೆಂಪು ನೀರು ಇಳಿಯುತ್ತಿತ್ತು.

ತೊಲೆ ಮೇಲಿನಿಂದ ನೋಡಲು ಗಟ್ಟಿಯಾಗೇ ಇತ್ತು. ಹಾಳಾಗಿದ್ದು ಗೋಡೆಯ ಒಳಗೆ ಕೂತಿದ್ದ ತುದಿ. ಸೂರಿನ ಹತ್ತಿರ ಒಡೆದ ಹೆಂಚಿನಿಂದ ನೀರು ಗೋಡೆಗೆ ಇಳಿದು, ಮರದ ತುದಿ ವರ್ಷಗಟ್ಟಲೆ ತೇವದಲ್ಲೇ ಇತ್ತು. ಅದರ ಮೇಲೆ ಗೆದ್ದಲು. ಆಚಾರರು ಬಂದು ಉಳಿದ ಕೋಣೆಗಳ ತೊಲೆಗಳಿಗೂ ಉಳಿ ಹಾಕಿ ನೋಡಿದರು. ನಾಲ್ಕು ಕಡೆ ಉಳಿ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಅವತ್ತಿನಿಂದ ಎಂಟು ಮತ್ತು ಒಂಬತ್ತನೇ ತರಗತಿ, ಲೈಬ್ರರಿ, ಜಗಲಿಯ ಅರ್ಧ ಭಾಗ ಎಲ್ಲದಕ್ಕೂ ಬೀಗ. ಒಂಬತ್ತನೆಯವರು ಸ್ಟೇಜಿನ ಮೇಲೆ ಕೂತು ಕಲಿಯುತ್ತಿದ್ದಾರೆ. ಎಂಟನೆಯವರು ಬಿಸಿಯೂಟದ ಹಾಲಿನಲ್ಲಿದ್ದಾರೆ. ಊಟದ ಹೊತ್ತಿಗೆ ಅರ್ಧ ಗಂಟೆ ಮುಂಚೆಯೇ ಬೆಂಚು ಎತ್ತಿಡಬೇಕು, ಆಮೇಲೆ ಮತ್ತೆ ಹಾಕಬೇಕು. ಮಕ್ಕಳು ಒಂದು ದಿನವೂ ಗೊಣಗಿಲ್ಲ.

ಮುಂಚೆಯೇ ಯಾಕೆ ನೋಡಿಕೊಳ್ಳಲಿಲ್ಲ ಎಂದು ಕೆಲವರು ಕೇಳಿದ್ದೀರಿ. ಕೇಳಬೇಕಾದ ಮಾತೇ. ಪ್ರತಿ ಏಪ್ರಿಲ್‌ನಲ್ಲಿ ಹೆಂಚು ಬಿಡಿಸಿ, ಒಡೆದದ್ದನ್ನು ಬದಲಿಸುತ್ತಲೇ ಬಂದಿದ್ದೇವೆ. ಆದರೆ ಮಂಗಗಳ ಕಾಟ ನಿಮಗೆ ಗೊತ್ತಲ್ವಾ? ಮೇ ತಿಂಗಳಲ್ಲಿ ಸರಿ ಮಾಡಿದ್ದು ಜುಲೈಗೆ ಮತ್ತೆ ಸೋರುತ್ತದೆ. ಇನ್ನೊಂದು ತೊಂದರೆ ಹೆಂಚಿನದ್ದೇ. ನಮ್ಮ ಶಾಲೆಯ ಹೆಂಚು ಘಟ್ಟ ಹತ್ತಿ ಮಂಗಳೂರಿನಿಂದ ಬಂದದ್ದು. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಆ ಕಡೆ ಎಷ್ಟೋ ಕಾರ್ಖಾನೆ ಎದ್ದವು. ಅವುಗಳಲ್ಲಿ ಎಷ್ಟೋ ಈಗ ಮುಚ್ಚಿವೆ. ನಮ್ಮ ಹಳೆ ಅಚ್ಚಿನ ಹೆಂಚು ಈಗ ಸಿಗುತ್ತಿಲ್ಲ. ಬೇರೆ ಅಚ್ಚಿನ ಹೆಂಚು ತಂದು ನಡುವೆ ಸೇರಿಸಿದರೆ ಒಂದರ ತುಟಿ ಇನ್ನೊಂದರ ಕಾಲುವೆಗೆ ಕೂರುವುದಿಲ್ಲ. ಆ ಸಂದಿಯಿಂದಲೇ ನೀರು ಒಳಗೆ ಬರುತ್ತದೆ. ತೇಪೆ ಹಾಕಿ ಹಾಕಿ ನಾವೇ ಸೋರಿಕೆಯನ್ನು ಜಾಸ್ತಿ ಮಾಡಿಕೊಂಡೆವು ಎಂದು ಈಗ ಅನ್ನಿಸುತ್ತದೆ.

ನಮ್ಮದು ಅನುದಾನಿತ ಶಾಲೆ. ಮೇಷ್ಟ್ರುಗಳ ಸಂಬಳ ಸರ್ಕಾರದ್ದು. ಪಠ್ಯಪುಸ್ತಕ, ಬಿಸಿಯೂಟ ಬರುತ್ತದೆ. ಕಟ್ಟಡ ಮಾತ್ರ ಆಡಳಿತ ಮಂಡಳಿಯದ್ದು. ನಿವೃತ್ತಿಯಾದ ಇಬ್ಬರು ಶಿಕ್ಷಕರ ಜಾಗ ಇನ್ನೂ ತುಂಬಿಲ್ಲ. ಆ ಇಬ್ಬರ ಬದಲಿಗೆ ಇರುವವರ ಗೌರವಧನವನ್ನೂ ನಾವೇ ಕೊಡುತ್ತಿದ್ದೇವೆ. ಮೊದಲಾದರೆ ಇಂಥ ಹೊತ್ತಿನಲ್ಲಿ ಊರಿನ ತೋಟದವರ ಮನೆಗೆ ಹೋದರೆ ಸಾಕಿತ್ತು, ಕಾಫಿ ಕುಡಿದು ಏಳುವಷ್ಟರಲ್ಲಿ ಕೆಲಸ ಆಗುತ್ತಿತ್ತು. ಈಗ ಎಲೆಚುಕ್ಕಿ ರೋಗ ಬಂದು ಅವರ ಅಡಿಕೆ ಮರಗಳೇ ಸೊರಗಿವೆ. ಅವರನ್ನು ಮತ್ತೆ ಮತ್ತೆ ಕೇಳಲು ನಮಗೆ ಬಾಯಿ ಬರುವುದಿಲ್ಲ. ಆದರೂ ಕೇಳದೇ ಕೊಟ್ಟವರಿದ್ದಾರೆ. ಅವರ ಋಣ ದೊಡ್ಡದು.

ಇಷ್ಟು ಮಾಡಿನ ಕಥೆ. ನಿಜ ಹೇಳಬೇಕೆಂದರೆ, ಈ ಪತ್ರ ಬರೆಯುವಾಗ ನನ್ನ ಮನಸ್ಸಿನಲ್ಲಿ ಇರುವುದು ಇನ್ನೊಂದು ವಿಷಯ.

ತೊಲೆ ಬಿದ್ದ ವಾರದಲ್ಲೇ ಉಳಿದ ಕೋಣೆಗಳಿಗೆ ಕಂಬ ಕೊಡಬೇಕಿತ್ತು, ಟಾರ್ಪಾಲು ಹೊದಿಸಬೇಕಿತ್ತು, ಬಿದ್ದ ಗೋಡೆ ಕಟ್ಟಬೇಕಿತ್ತು. ಕೈಯಲ್ಲಿ ತಕ್ಷಣಕ್ಕೆ ಇದ್ದದ್ದು ಪ್ರವಾಸ ನಿಧಿ ಮಾತ್ರ. ನೀವೇ, ಹಳೆ ವಿದ್ಯಾರ್ಥಿಗಳೇ, ಮಕ್ಕಳ ಪ್ರವಾಸಕ್ಕೆಂದು ಕೂಡಿಸಿ ಕೊಟ್ಟ ಹಣ ಅದು. ಅದನ್ನು ಮಾಡಿಗೆ ಹಾಕಿದೆವು. ಸಭೆ ಕರೆದು, ಎಲ್ಲರ ಸಹಿ ಹಾಕಿಸಿ, ದಾಖಲೆ ಮಾಡಿಯೇ ಹಾಕಿದೆವು. ಆದರೂ ಅದು ಮಕ್ಕಳ ಹಣ. ಡಿಸೆಂಬರಿನೊಳಗೆ ಹೇಗಾದರೂ ವಾಪಸ್ ತುಂಬುತ್ತೇವೆ ಎಂದು ನವೆಂಬರಿನವರೆಗೂ ಆಸೆ ಇಟ್ಟುಕೊಂಡಿದ್ದೆವು. ಆಗಲಿಲ್ಲ. ಒಂಬತ್ತನೇ ತರಗತಿಯ ಹಂಪಿ ಪ್ರವಾಸ ನಿಂತುಹೋಯಿತು.

ನಮ್ಮ ಶಾಲೆಯ ಪ್ರವಾಸ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಬೆಳಗಿನ ಜಾವ ನಾಲ್ಕು ಗಂಟೆಗೆ ನೇರಳೆ ಮರದ ಕೆಳಗೆ ಸ್ವೆಟರ್ ಹಾಕಿಕೊಂಡು ನಿಂತದ್ದು ಯಾರಿಗೆ ಮರೆತಿದೆ? ಕೊರೋನಾ ಕಾಲ ಬಿಟ್ಟರೆ ಒಂದು ವರ್ಷವೂ ತಪ್ಪಿರಲಿಲ್ಲ. ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದಾಗ ಪ್ರಾರ್ಥನೆಯ ಹೊತ್ತಿನಲ್ಲಿ ನಾವು ಹೆಮ್ಮೆಯಿಂದ ಹೇಳಿದೆವು, ನಮ್ಮ ಶಾಲೆಯ ಎಷ್ಟೋ ತಂಡಗಳು ಅದನ್ನು ಅದಕ್ಕೆ ಮುಂಚೆಯೇ ನೋಡಿ ಬಂದಿವೆ ಎಂದು. ರಜೆಯಲ್ಲಿ ಮಕ್ಕಳನ್ನು ಕಾರಿನಲ್ಲಿ ಕರೆದುಕೊಂಡು ಹೋಗುವ ಅಪ್ಪ ಅಮ್ಮ ನಮ್ಮ ಮಕ್ಕಳಿಗಿಲ್ಲ. ತುಂಬಾ ಮಕ್ಕಳು ತಾಲ್ಲೂಕು ದಾಟುವುದೇ ಈ ಪ್ರವಾಸದಲ್ಲಿ.

ಈ ಮಕ್ಕಳು ಪ್ರವಾಸದ ದುಡ್ಡನ್ನು ಒಂದೇ ಸಲ ತರುವುದಿಲ್ಲ. ಜುಲೈಯಿಂದ ಐವತ್ತು, ನೂರು ಎಂದು ಕಟ್ಟುತ್ತಾ ಬರುತ್ತಾರೆ. ಐವತ್ತರ ನೋಟಿನ ಹಿಂದೆ ಹಂಪಿಯ ಕಲ್ಲಿನ ರಥದ ಚಿತ್ರ ಇದೆ, ನೋಡಿರುತ್ತೀರಿ. ಸಮಾಜ ವಿಜ್ಞಾನದ ಮೇಷ್ಟ್ರು ಮೊದಲ ಕಂತು ತೆಗೆದುಕೊಂಡ ದಿನ ಆ ನೋಟನ್ನೇ ಎತ್ತಿ ಹಿಡಿದು, "ಇದನ್ನು ಡಿಸೆಂಬರಿನಲ್ಲಿ ಕಣ್ಣಾರೆ ನೋಡ್ತೀರಿ" ಎಂದಿದ್ದರಂತೆ. ಅವರು ಪಾಠ ಮಾಡುವ ರೀತಿಯೇ ಹಾಗೆ. ನಮ್ಮೂರಿನ ಹಳ್ಳದ ನೀರು ತುಂಗೆಗೆ ಸೇರಿ, ಕೂಡಲಿಯಲ್ಲಿ ಭದ್ರೆಯ ಜೊತೆ ಕೂಡಿ, ಮುಂದೆ ಹಂಪಿಯ ಬಂಡೆಗಳ ನಡುವೆ ಹರಿಯುತ್ತದೆ ಎಂದು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದರು. 1336, 1565 ಎಂದು ಇಸವಿ ಬಾಯಿಪಾಠ ಮಾಡಿಸುವುದಕ್ಕಿಂತ ಅದು ಮಕ್ಕಳಿಗೆ ಚೆನ್ನಾಗಿ ಹಿಡಿಸಿತು. ವಿಜಯನಗರದ ಕಾಲದ ಕಾಲುವೆಗಳಲ್ಲಿ ಕೆಲವು ಇವತ್ತಿಗೂ ಗದ್ದೆಗೆ ನೀರು ಹಾಯಿಸುತ್ತವೆ ಎಂದಾಗ ಹಿಂದಿನ ಬೆಂಚಿನವರೂ ತಲೆ ಎತ್ತಿದರಂತೆ. ಗದ್ದೆ ತೋಟದ ಮಕ್ಕಳಲ್ವಾ?

ನವೆಂಬರಿನಲ್ಲಿ ಮಕ್ಕಳು ಕಟ್ಟಿದ್ದ ಹಣವನ್ನು ವಾಪಸ್ ಕೊಡುವಾಗ ನಾನು ಆಫೀಸಿನಲ್ಲೇ ಇದ್ದೆ. ಒಬ್ಬೊಬ್ಬರನ್ನೇ ಕರೆದು, ಪುಸ್ತಕ ನೋಡಿ ಎಣಿಸಿ ಕೊಟ್ಟೆವು. ಒಬ್ಬ ಹುಡುಗಿ ತನ್ನ ನೋಟುಗಳನ್ನು ಎಣಿಸಿಕೊಂಡಳು. ಏಳು ಐವತ್ತರ ನೋಟು. ಅದರಲ್ಲಿ ಎರಡನ್ನು ತೆಗೆದು ಮೇಜಿನ ಮೇಲೆ ಇಟ್ಟು, "ಹೆಂಚಿಗೆ ಇಟ್ಕೊಳ್ಳಿ ಸರ್" ಎಂದಳು. ಅವಳು ರಾತ್ರಿ ಅಮ್ಮನ ಜೊತೆ ಕೂತು ಅಡಿಕೆ ಸುಲಿದು ಕೂಡಿಸಿದ ಹಣ ಅದು. ಹೆಬ್ಬೆರಳಿನ ತುದಿ ಅಡಿಕೆಯ ಕರೆಗೆ ಕಪ್ಪಾಗಿತ್ತು. ಹೆಡ್ಮಾಸ್ಟರು ನೋಟನ್ನು ಅವಳ ಕೈಗೇ ಕೊಟ್ಟು ಮುಷ್ಟಿ ಮುಚ್ಚಿಸಿ ಕಳಿಸಿದರು. ಆಮೇಲೆ ಸ್ವಲ್ಪ ಹೊತ್ತು ನಾವ್ಯಾರೂ ಮಾತಾಡಲಿಲ್ಲ. ಅವತ್ತು ಸಂಜೆಯೇ ಮಂಡಳಿಯಲ್ಲಿ ತೀರ್ಮಾನ ಮಾಡಿದೆವು. ಮಾಡು ಆಗಲೇಬೇಕು. ಆದರೆ ಅದಕ್ಕಾಗಿ ಇನ್ನೊಂದು ಸಲ ಮಕ್ಕಳ ಪ್ರವಾಸಕ್ಕೆ ಕೈ ಹಾಕುವುದಿಲ್ಲ.

ಈಗ ಒಂಬತ್ತರಲ್ಲಿರುವವರು ಜೂನ್‌ಗೆ ಹತ್ತಕ್ಕೆ ಹೋಗುತ್ತಾರೆ. ಮುಂದಿನ ಡಿಸೆಂಬರ್ ಬಿಟ್ಟರೆ ಅವರಿಗೆ ಈ ಶಾಲೆಯಲ್ಲಿ ಪ್ರವಾಸವೇ ಇಲ್ಲ. ಅದಕ್ಕೇ ಎರಡು ತರಗತಿಯವರನ್ನೂ ಒಟ್ಟಿಗೆ ಕರೆದುಕೊಂಡು ಹೋಗಬೇಕು, ಎರಡು ಬಸ್ಸು ಮಾಡಬೇಕು ಎಂದು ಯೋಚಿಸಿದ್ದೇವೆ. ಒಟ್ಟು ಎಂಬತ್ತಾರು ಮಕ್ಕಳು. ಇಲಾಖೆಯ ಅನುಮತಿ, ಜೊತೆಗೆ ಹೋಗುವ ಶಿಕ್ಷಕಿಯರು, ರಾತ್ರಿ ಉಳಿಯುವ ಜಾಗ ಎಲ್ಲವನ್ನೂ ನಮ್ಮ ಮೇಷ್ಟ್ರುಗಳು ನೋಡಿಕೊಳ್ಳುತ್ತಾರೆ. ಆ ವಿಷಯದಲ್ಲಿ ಅವರಿಗೆ ನಾವು ಹೇಳಿಕೊಡಬೇಕಾದ್ದು ಏನೂ ಇಲ್ಲ. ಇಷ್ಟು ವರ್ಷದಲ್ಲಿ ಒಂದು ಮಗುವಿನ ಚಪ್ಪಲಿಯೂ ಕಳೆಯದ ಹಾಗೆ ಕರೆತಂದವರು ಅವರು.

ಮೇಷ್ಟ್ರುಗಳ ಮಾತು ಬಂತು, ಇದೊಂದನ್ನು ಹೇಳಲೇಬೇಕು. 2020ರಲ್ಲಿ ಶಾಲೆ ಮುಚ್ಚಿದ್ದಾಗ, ಮಕ್ಕಳಿರುವಲ್ಲಿಗೇ ಹೋಗಿ ಪಾಠ ಮಾಡುವ ವಿದ್ಯಾಗಮ ಯೋಜನೆಯನ್ನು ಸರ್ಕಾರ ಹೇಳುವ ಮುಂಚೆಯೇ ಇವರು ಬೈಕಿನಲ್ಲಿ ಹಳ್ಳಿ ಹಳ್ಳಿಗೆ ಹೊರಟಿದ್ದರು. ನೆಟ್‌ವರ್ಕ್ ಸಿಗದ ಮನೆಗಳ ಜಗಲಿಯಲ್ಲಿ ಕೂತು ಪಾಠ ಮಾಡಿದರು. ನಮ್ಮ ಖೋಖೋ ಹುಡುಗಿಯರ ಹೆಸರು ಜಿಲ್ಲೆಗೇ ಗೊತ್ತು. ಸೇನೆಯಲ್ಲಿ, ಆಸ್ಪತ್ರೆಗಳಲ್ಲಿ, ಕೋರ್ಟಿನಲ್ಲಿ, ಎಲ್ಲಿ ಹೋದರೂ ನಮ್ಮ ಶಾಲೆಯವರು ಒಬ್ಬರು ಸಿಗುತ್ತಾರೆ. ಊರಿಗೆ ರಸ್ತೆ ಸರಿ ಇಲ್ಲದ ಕಾಲದಲ್ಲಿ ಹಿರಿಯರು ಮನೆಗೊಂದು ಆಳು ಬಂದು ಈ ಗೋಡೆ ಎಬ್ಬಿಸಿದರು, ಹೆಂಚನ್ನು ಲಾರಿಯಿಂದ ಇಳಿಸಿ ತಲೆಯ ಮೇಲೆ ಹೊತ್ತು ತಂದರು. ನನ್ನ ಅಪ್ಪನೂ ಹೊತ್ತಿದ್ದರು. ಹೆಂಚು ಹೊತ್ತ ದಿನ ಬೆಲ್ಲದ ಪಾನಕ ಕೊಟ್ಟಿದ್ದರು ಎಂದು ಕೊನೆಯವರೆಗೂ ನೆನೆಸಿಕೊಳ್ಳುತ್ತಿದ್ದರು.

ಕೆಲಸ ಏನೆಂದರೆ, ಮೂರು ಕೋಣೆ ಮತ್ತು ಜಗಲಿಯ ಮಾಡನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟುವುದು. ಶೀಟ್ ಹಾಕಿದರೆ ಅರ್ಧ ಖರ್ಚಿನಲ್ಲಿ ಆಗುತ್ತದೆ ಎಂದು ಎಷ್ಟೋ ಜನ ಹೇಳಿದರು. ಯೋಚನೆ ಮಾಡಿದೆವು. ಆದರೆ ಬಿಸಿಯೂಟದ ಹಾಲಿಗೆ ಶೀಟೇ ಇದೆ. ಮಳೆ ಜೋರಾದರೆ ಅಲ್ಲಿ ಮುಂದಿನ ಬೆಂಚಿಗೂ ಮೇಷ್ಟ್ರ ದನಿ ಕೇಳುವುದಿಲ್ಲ. ಸುಮ್ನೆ ಬೋರ್ಡಿನ ಮೇಲೆ ಬರೆಯುತ್ತಾರೆ, ಮಕ್ಕಳು ಸುಮ್ನೆ ಬರೆದುಕೊಳ್ಳುತ್ತಾರೆ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಗೆ ಪಾಠ ನಡೆಯಬಾರದು. ಬೇಸಿಗೆಯಲ್ಲಿ ಶೀಟಿನ ಕಾವು ಬೇರೆ. ಹಾಗಾಗಿ ಹೆಂಚೇ ಇರಲಿ, ಒಳಗಿನ ಮರದ ಬದಲು ಕಬ್ಬಿಣದ ಪೈಪು ಹಾಕೋಣ ಎಂದು ತೀರ್ಮಾನ ಆಯಿತು. ಗೆದ್ದಲಿನ ಹೆದರಿಕೆ ಇರುವುದಿಲ್ಲ. ಬಣ್ಣ ಹೊಡೆಸುತ್ತಾ ಇದ್ದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ.

ಮಾಡಿಗೆ ಸುಮಾರು 11 ಲಕ್ಷ ರೂಪಾಯಿ ಬೇಕು. ಕೈಯಲ್ಲಿ ಮೂರೂವರೆ ಲಕ್ಷ ಇದೆ. ಎರಡು ಬಸ್ಸಿನ ಪ್ರವಾಸಕ್ಕೆ ಊಟ ವಸತಿ ಸೇರಿ ಒಂದೂಮುಕ್ಕಾಲು ಲಕ್ಷ ಆಗಬಹುದು. ಮಕ್ಕಳಿಂದ ತಲೆಗೆ 500 ರೂಪಾಯಿಗಿಂತ ಜಾಸ್ತಿ ತೆಗೆದುಕೊಳ್ಳಬಾರದು ಎಂದಿದ್ದೇವೆ. ಎರಡೂ ಸೇರಿ ಒಂಬತ್ತು ಲಕ್ಷದ ಹತ್ತಿರ ಕೂಡಿಸಬೇಕಾಗಿದೆ. ಈ ಸಲ ಎರಡಕ್ಕೂ ಬೇರೆ ಬೇರೆ ಬ್ಯಾಂಕ್ ಖಾತೆ ಇಟ್ಟಿದ್ದೇವೆ. ನಿಮ್ಮ ಹಣ ಮಾಡಿಗೋ ಪ್ರವಾಸಕ್ಕೋ ಎಂದು ಹೇಳಿ ಕೊಡಿ. ರಸೀದಿಯ ಮೇಲೂ ಹಾಗೇ ಬರೆಯುತ್ತೇವೆ.

80ಜಿ ರಸೀದಿ ಕೊಡುತ್ತೇವೆ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ. ಹಾಗಾಗಿ ದೊಡ್ಡ ಮೊತ್ತವನ್ನು ಚೆಕ್ಕಿನಲ್ಲೋ ಬ್ಯಾಂಕಿನ ಮೂಲಕವೋ ಕೊಡಿ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಈ ರಿಯಾಯಿತಿ ಇಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ಹಣ ಕೊಡಲು ಆಗದಿದ್ದರೆ ಎರಡು ದಿನದ ಕೆಲಸ ಕೊಡಿ. ಹೆಂಚು ಇಳಿಸಲು, ಪಾಚಿ ಉಜ್ಜಿ ತೊಳೆಯಲು, ಒಡೆದದ್ದನ್ನು ಬೇರೆ ಮಾಡಲು ಕೈ ಬೇಕು.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮರುದಿನ ಹೆಂಚು ಇಳಿಸಲು ಶುರು ಮಾಡುತ್ತೇವೆ. ವೆಲ್ಡಿಂಗ್‌ನವರಿಗೆ ಅಷ್ಟರೊಳಗೆ ಮುಂಗಡ ಕೊಡದಿದ್ದರೆ ಅವರು ಬೇರೆ ಕೆಲಸ ಹಿಡಿಯುತ್ತಾರೆ. ರೋಹಿಣಿ ಮಳೆ ಶುರುವಾಗುವ ಮುಂಚೆ ಕೊನೆಯ ಹೆಂಚು ಕೂರಬೇಕು. ಮಾಡು ಬಿಚ್ಚಿಟ್ಟುಕೊಂಡು ಜೂನ್‌ನ ಮಳೆ ಎದುರಿಸಲು ಆಗುವುದಿಲ್ಲ. ಆದ್ದರಿಂದ ಕೊಡುವ ಮನಸ್ಸಿರುವವರು ದಯವಿಟ್ಟು ಮಾರ್ಚ್ ಒಳಗೇ ತಿಳಿಸಿ. ಕಂತಿನಲ್ಲಿ ಕೊಟ್ಟರೂ ಸರಿ, ಎಷ್ಟು ಕೊಡುತ್ತೀರಿ ಎಂದು ಗೊತ್ತಾದರೆ ನಮಗೆ ಧೈರ್ಯ ಬರುತ್ತದೆ. ಆಫೀಸು ಭಾನುವಾರವೂ ಮಧ್ಯಾಹ್ನದವರೆಗೆ ತೆರೆದಿರುತ್ತದೆ. ಬಂದರೆ ಬೀಗ ತೆಗೆದು ಕೋಣೆಗಳನ್ನು ತೋರಿಸುತ್ತೇನೆ.

ನಿಮ್ಮವ,
ಕಾರ್ಯದರ್ಶಿ
ಆಡಳಿತ ಮಂಡಳಿಯ ಪರವಾಗಿ

ಮರೆತ ಮಾತು: ಹಳೆ ಮನೆ ಬಿಚ್ಚಿಸುತ್ತಿರುವವರು, ಬಿಚ್ಚಿದ ಹೆಂಚನ್ನು ಹಿತ್ತಲಲ್ಲಿ ಪೇರಿಸಿಟ್ಟವರು ಒಂದನ್ನು ಮಗುಚಿ ಹಿಂದಿನ ಅಚ್ಚಿನ ಗುರುತು ನೋಡಿ, ಅದರ ಫೋಟೋ ಕಳಿಸಿ. ನಮ್ಮ ಹಳೆ ಹೆಂಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇನ್ನೂ ಗಟ್ಟಿ ಇವೆ. ಅದೇ ಅಚ್ಚಿನವು ಇನ್ನೊಂದು ಸಾವಿರ ಸಿಕ್ಕರೆ ಜಗಲಿಗೆ ಹೊಸ ಹೆಂಚು ತರಬೇಕಾಗಿಲ್ಲ. ಗಾಡಿ ನಾವೇ ಕಳಿಸುತ್ತೇವೆ.