ನೋಂದಣಿ ಎಂಟು ದಿನ ಮುಂದಕ್ಕೆ ಹೋದರೆ ಮನೆಯೇನೂ ಓಡಿಹೋಗುವುದಿಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯಲ್ಲಿ ಮನೆ ಕೊಳ್ಳುವವರಿಗಾಗಿ ಆಗಾಗ ಬರುವ ಲೇಖನಗಳನ್ನು ನಾನು ತಪ್ಪದೆ ಓದುತ್ತೇನೆ. ಮನೆ ಆರಿಸುವುದು, ಬೆಲೆ ಕುದುರಿಸುವುದು, ಸಾಲದ ಬಡ್ಡಿ ಹೋಲಿಸಿ ನೋಡುವುದು ಇವೆಲ್ಲದರ ಬಗ್ಗೆ ಅವುಗಳಲ್ಲಿ ಉಪಯುಕ್ತ ಮಾಹಿತಿ ಇರುತ್ತದೆ. ಆದರೆ ಮುಂಗಡ ಕೊಟ್ಟು ಕರಾರಿಗೆ ಸಹಿ ಹಾಕಿದ ಮೇಲೆ, ಬಾಕಿ ಹಣ ಕೊಟ್ಟು ಕ್ರಯಪತ್ರ ಮಾಡಿಸಿಕೊಳ್ಳುವ ಮೊದಲಿನ ಆ ಕೊನೆಯ ಹತ್ತು ಹದಿನೈದು ದಿನಗಳಲ್ಲಿ ಏನೇನು ಎಡವಟ್ಟಾಗಬಹುದು, ಆದಾಗ ಏನು ಮಾಡಬೇಕು ಎಂಬುದರ ಬಗ್ಗೆ ಬರೆದದ್ದು ಕಡಿಮೆ. ಒಮ್ಮೆ ನನಗಾಗಿ, ಆಮೇಲೆ ಎರಡು ಸಲ ತಂಗಿಯ ಮಕ್ಕಳ ಪರವಾಗಿ ಈ ದಿನಗಳನ್ನು ಹತ್ತಿರದಿಂದ ಕಂಡವನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಖರೀದಿಯಲ್ಲಿ ನಡೆದದ್ದು ಹೀಗೆ. ನೋಂದಣಿಗೆ ಎರಡು ದಿನವಿರುವಾಗ ಮಾರುವವರು ಸಾಮಾನು ಸಾಗಿಸಿ ಮನೆ ಖಾಲಿ ಮಾಡಿದರು. ಕೊನೆಯದಾಗಿ ಒಂದು ಸುತ್ತು ನೋಡಿ ಬರೋಣವೆಂದು ನಾನು ಮತ್ತು ನನ್ನ ಹೆಂಡತಿ ಹೋದೆವು. ಮಲಗುವ ಕೋಣೆಯಲ್ಲಿ ಅದುವರೆಗೆ ಎತ್ತರದ ಬೀರು ನಿಂತಿದ್ದ ಜಾಗದ ಗೋಡೆಯಲ್ಲಿ, ನೆಲದಿಂದ ಸೊಂಟದೆತ್ತರದವರೆಗೆ ಬಣ್ಣ ಗುಳ್ಳೆಯೆದ್ದು ನಿಂತಿತ್ತು. ಬೆರಳಿಂದ ಒತ್ತಿದರೆ ಗಾರೆ ಹಸಿ ಹಿಟ್ಟಿನಂತೆ ಮೆತ್ತಗಿತ್ತು, ಉಗುರಿನ ಸಂದಿಗೆ ಸೇರಿಕೊಂಡಿತು. ಮೂರು ಸಲ ಬಂದು ನೋಡಿಹೋಗಿದ್ದ ಮನೆಯದು. ಮೂರು ಸಲವೂ ಆ ಬೀರುವನ್ನು ಮೆಚ್ಚಿಕೊಂಡು ಬಂದಿದ್ದೆವೇ ಹೊರತು ಅದರ ಹಿಂದೆ ಇಣುಕುವ ಯೋಚನೆ ನಮಗೆ ಬಂದಿರಲಿಲ್ಲ.

ಮಾರುವವರು, "ಅಷ್ಟಕ್ಕೆಲ್ಲ ಯಾಕೆ ಚಿಂತೆ ಮಾಡ್ತೀರಿ ಸಾರ್, ನಾನೇ ಬಣ್ಣ ಹೊಡೆಸಿ ಕೊಡ್ತೀನಿ, ನೀವು ಸಹಿ ಹಾಕಿ" ಎಂದರು. ಮಧ್ಯವರ್ತಿ, ಎಲ್ಲರೂ ರಜೆ ಹಾಕಿ ಬರುತ್ತಿದ್ದಾರೆ, ಈಗ ದಿನ ಬದಲಿಸಿದರೆ ವ್ಯವಹಾರವೇ ಮುರಿದುಬೀಳಬಹುದು ಎಂದು ಹೆದರಿಸಿದರು. ನಾನು ಒಪ್ಪಿಬಿಡುವವನಿದ್ದೆ. "ನೀರು ಎಲ್ಲಿಂದ ಬರ್ತಿದೆ ಅಂತಲೇ ಗೊತ್ತಿಲ್ಲ, ಮೇಲೆ ಬಣ್ಣ ಬಳಿದರೆ ಏನು ಬಂತು?" ಎಂದು ಕೇಳಿ ನನ್ನನ್ನು ತಡೆದದ್ದು ನನ್ನ ಹೆಂಡತಿ. ನೋಂದಣಿ ಎಂಟು ದಿನ ಮುಂದಕ್ಕೆ ಹೋಯಿತು. ಪ್ಲಂಬರ್ ಬಂದು ಪಕ್ಕದ ಬಚ್ಚಲಿನ ನಾಲ್ಕು ಟೈಲ್ಸ್ ಒಡೆದು ನೋಡಿದಾಗ, ಗೋಡೆಯೊಳಗಿನ ಪೈಪಿನ ಕೂಡುಜಾಗದಲ್ಲಿ ನೀರು ಜಿನುಗುತ್ತಿತ್ತು. ಮಾರುವವರ ಖರ್ಚಿನಲ್ಲೇ ಅದು ದುರಸ್ತಿಯಾಯಿತು. ನಾವು ಬಾಡಿಗೆ ಮನೆಯ ಮಾಲೀಕರ ಕಾಲು ಹಿಡಿದು ಇನ್ನೊಂದು ವಾರ ಉಳಿದುಕೊಂಡದ್ದು, ಕಟ್ಟಿಟ್ಟ ಪಾತ್ರೆಗಳನ್ನು ಮತ್ತೆ ಬಿಚ್ಚಿದ್ದು ಎಲ್ಲವೂ ನಿಜ. ಆದರೆ ಸಹಿ ಹಾಕಿ ಹಣ ಕೊಟ್ಟಿದ್ದರೆ ಅದೇ ಪೈಪಿಗಾಗಿ ಫೋನ್ ಎತ್ತದ ಮನುಷ್ಯನ ಬೆನ್ನುಬಿದ್ದು ಎಷ್ಟು ತಿಂಗಳು ಅಲೆಯಬೇಕಿತ್ತೋ.

ಈ ಪತ್ರದ ಮೂಲಕ ಹೇಳಬೇಕಾದದ್ದು ಇಷ್ಟೆ: ಕೊನೆಯ ಗಳಿಗೆಯ ತೊಂದರೆಗಳಲ್ಲಿ ಹೆಚ್ಚಿನವು ಕೊನೆಯ ಗಳಿಗೆಯಲ್ಲಿ ಹುಟ್ಟಿದವಲ್ಲ, ಮೊದಲಿನಿಂದಲೂ ಇದ್ದು ಆಗ ಕಣ್ಣಿಗೆ ಬಿದ್ದವು. ಅವು ಕಣ್ಣಿಗೆ ಬಿದ್ದಾಗ ಕೊಳ್ಳುವವರು ಗೊತ್ತಾದ ದಿನಾಂಕವನ್ನು ದೇವರ ಮುಹೂರ್ತವೆಂಬಂತೆ ಕಾಪಾಡಲು ಹೋಗಿ ತಮ್ಮ ಕೈಯಲ್ಲಿರುವ ಒಂದೇ ಒಂದು ಬಲವನ್ನು, ಅಂದರೆ ಇನ್ನೂ ಕೊಟ್ಟಿಲ್ಲದ ಬಾಕಿ ಹಣವನ್ನು, ಬಿಟ್ಟುಕೊಡುತ್ತಾರೆ. ಮಾರುವವರಿಗೆ ಇನ್ನೊಂದು ಮನೆಗೆ ಹಣ ಕಟ್ಟಬೇಕಿರುತ್ತದೆ, ಮಧ್ಯವರ್ತಿಗೆ ದಲ್ಲಾಳಿ ಹಣ ಬರಬೇಕಿರುತ್ತದೆ, ಸಾಲ ಕೊಡುವವರಿಗೆ ತಿಂಗಳ ಲೆಕ್ಕ ಮುಗಿಸಬೇಕಿರುತ್ತದೆ. ಅವರೆಲ್ಲರ ಆತುರಕ್ಕೂ ಕಾರಣವಿದೆ, ತಪ್ಪೆನ್ನಲಾಗದು. ಆದರೆ ಆತುರದ ಫಲ ಉಣ್ಣುವವರು ಕೊಳ್ಳುವವರು ಮಾತ್ರ.

ಗೋಡೆ ನೀರನ್ನಾದರೂ ಕಣ್ಣಿಂದ ಕಾಣಬಹುದು, ಕಾಗದಪತ್ರದ ದೋಷ ಇನ್ನೂ ಸೂಕ್ಷ್ಮ. ಹಳೆಯ ಕ್ರಯಪತ್ರದಲ್ಲಿ ತಂದೆಯ ಹೆಸರಿನ ಒಂದಕ್ಷರ ಬೇರೆ ಇರುವುದು, ಮಾರುವವರ ಇನಿಷಿಯಲ್ ಒಂದು ದಾಖಲೆಯಲ್ಲಿ ಬಿಡಿಸಿ ಬರೆದು ಇನ್ನೊಂದರಲ್ಲಿ ಬಿಡಿಸದೆ ಇರುವುದು, ಜಂಟಿ ಒಡೆಯರಲ್ಲಿ ಒಬ್ಬರು ತೀರಿಕೊಂಡಿದ್ದು ಅವರ ವಾರಸುದಾರರಲ್ಲಿ ಒಬ್ಬರು ದೂರದಲ್ಲಿರುವುದು, ಇವೆಲ್ಲ ಕರಾರಿನ ದಿನ ಯಾರಿಗೂ ಕಾಣದೆ, ಅಂತಿಮ ಪತ್ರದ ಕರಡು ಓದುವಾಗ ಎದ್ದು ಕೂರುತ್ತವೆ. ತಂಗಿಯ ಮಗನ ಖರೀದಿಯಲ್ಲಿ ಮಾರುವವರು ಹಳೆಯ ಗೃಹಸಾಲವನ್ನು ಪೂರ್ತಿ ತೀರಿಸಿದ್ದರು, ತೀರಿಸಿದ ರಸೀದಿಯೂ ಇತ್ತು, ಆದರೆ ದಾಖಲೆಯಲ್ಲಿ ಅಡಮಾನ ಹಾಗೆಯೇ ಉಳಿದಿತ್ತು. ಸಾಲ ತೀರುವುದು ಬೇರೆ, ಅಡಮಾನ ಬಿಡುಗಡೆಯಾಗುವುದು ಬೇರೆ ಎಂಬುದು ಮಾರುವವರಿಗೇ ಗೊತ್ತಿರಲಿಲ್ಲ. ಬಿಡುಗಡೆ ಪತ್ರ ಕೈಗೆ ಬಂದು ದಾಖಲೆ ಸರಿಯಾಗುವವರೆಗೆ ಬಾಕಿ ಹಣ ಕೊಡಬೇಡವೆಂದು ವಕೀಲರು ಹೇಳಿದ್ದನ್ನು ಅವನು ಪಾಲಿಸಿದ. ಇನ್ನು ಮಾರುವವರ ಬದಲು ಪವರ್ ಆಫ್ ಅಟಾರ್ನಿ ಹಿಡಿದವರು ಸಹಿ ಹಾಕಲು ಬರುವುದಾದರೆ, ಅಧಿಕಾರ ಕೊಟ್ಟವರು ಅಂದು ಬದುಕಿದ್ದಾರೆಯೇ ಎಂದು ಕೇಳುವುದು ಅಪಶಕುನವಲ್ಲ. ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಆ ಅಧಿಕಾರವೂ ಅಲ್ಲಿಗೆ ಮುಗಿಯುತ್ತದೆ.

ಹಕ್ಕು ದಾಖಲೆಗಳ ಈ ಗೋಜಲು ಬೇರೆ ದೇಶಗಳನ್ನೂ ಕಾಡಿದೆ. ಒಬ್ಬರಿಂದೊಬ್ಬರಿಗೆ ಬಂದ ಪತ್ರಗಳ ಸರಪಳಿಯನ್ನು ಪ್ರತಿ ಮಾರಾಟಕ್ಕೂ ಮೊದಲಿನಿಂದ ಎಣಿಸುವ ಕಾಟ ತಪ್ಪಿಸಲೆಂದೇ ದಕ್ಷಿಣ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಟೊರೆನ್ಸ್ ಎಂಬ ರಾಜಕಾರಣಿ 1858ರಲ್ಲಿ ಸರ್ಕಾರದ ರಿಜಿಸ್ಟರಿನಲ್ಲಿ ಹೆಸರಿದ್ದವರೇ ಒಡೆಯರು ಎಂಬ ಪದ್ಧತಿ ತಂದರು. ಆ ಪದ್ಧತಿ ಇಲ್ಲದ ಕಡೆ ಸರಪಳಿಯ ಒಂದು ಕೊಂಡಿ ಸಡಿಲವಿದ್ದರೂ ಅದು ಕೊಳ್ಳುವವರ ತಲೆನೋವೇ. ಆದ್ದರಿಂದ ಅಂತಿಮ ಪತ್ರದ ಕರಡನ್ನು ವಾರ ಮೊದಲೇ ತರಿಸಿಕೊಂಡು, ಹೆಸರು, ಅಳತೆ, ಚೆಕ್ಕುಬಂದಿಗಳನ್ನು (ನಾಲ್ಕು ದಿಕ್ಕಿನ ಗಡಿಗಳನ್ನು) ಮೂಲ ಪತ್ರದ ಪಕ್ಕದಲ್ಲಿಟ್ಟು, ಒಬ್ಬರು ಓದುತ್ತ ಇನ್ನೊಬ್ಬರು ನೋಡುತ್ತ ತಾಳೆ ಹಾಕಬೇಕು. ವಕೀಲರಿಗೆ ಶುಲ್ಕ ಕೊಟ್ಟಿದ್ದೇವಲ್ಲ ಎಂದು ಸುಮ್ಮನಿರುವವರನ್ನು ನೋಡಿದ್ದೇನೆ. ವಕೀಲರಿಗೆ ಕಾನೂನು ಗೊತ್ತು, ನಮ್ಮ ಅಜ್ಜನ ಹೆಸರಿನ ಕಾಗುಣಿತ ಗೊತ್ತಿರುವುದಿಲ್ಲ.

ಸಾಲದ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು, ಮಂಜೂರಾತಿ ಪತ್ರವನ್ನೇ ಹಣವೆಂದು ತಿಳಿಯುವುದು. ಅನೇಕ ಕಡೆ ಸಾಲದಾತರು ಹಣ ಬಿಡುಗಡೆಗೆ ಮುನ್ನ ಅರ್ಜಿದಾರರ ಉದ್ಯೋಗ ಮತ್ತು ಸಾಲದ ದಾಖಲೆಯನ್ನು ಇನ್ನೊಮ್ಮೆ ಪರಿಶೀಲಿಸುತ್ತಾರೆ. ಹೊಸ ಮನೆಗೆಂದು ಅಷ್ಟರಲ್ಲೇ ಕಂತಿನ ಮೇಲೆ ಸೋಫಾ, ಫ್ರಿಜ್ ತಂದವರು, ಇನ್ನೂ ಒಳ್ಳೆಯ ಸಂಬಳವೆಂದು ಕೆಲಸ ಬದಲಿಸಿದವರು, ಬಿಡುಗಡೆಯಾಗಬೇಕಾದ ಮೊತ್ತ ಕಡಿಮೆಯಾಗಿ ಅಥವಾ ತಡವಾಗಿ ಕೊನೆಯ ವಾರ ನೆಂಟರಿಷ್ಟರ ಬಳಿ ಕೈಗಡಕ್ಕೆ ಓಡಾಡಿದ್ದುಂಟು. ಸೋಫಾ ಒಂದು ತಿಂಗಳು ತಡವಾಗಿ ಬಂದರೂ ಮನೆ ಮನೆಯೇ.

ಇದರ ಜೊತೆಗೆ, ಒಟ್ಟು ಎಷ್ಟು ಹಣ ತರಬೇಕೆಂಬ ಅಂತಿಮ ಲೆಕ್ಕ ಸಹಿಯ ಹಿಂದಿನ ಸಂಜೆ ಕೈಗೆ ಸಿಗುವ ಪರಿಪಾಠ ಎಷ್ಟೋ ಕಡೆ ಇದೆ. ಎಂದೂ ಕೇಳಿರದ ಶುಲ್ಕವೊಂದು ಅದರಲ್ಲಿದ್ದರೆ ಅದನ್ನು ಪ್ರಶ್ನಿಸಲು ವೇಳೆಯೂ ಇರುವುದಿಲ್ಲ, ಧೈರ್ಯವೂ ಇರುವುದಿಲ್ಲ. ಅಮೆರಿಕದಲ್ಲಿ 2015ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ಸಾಮಾನ್ಯ ಗೃಹಸಾಲಗಳಲ್ಲಿ ಬಡ್ಡಿ, ಕಂತು, ಎಲ್ಲ ಶುಲ್ಕಗಳೂ ಇರುವ ಅಂತಿಮ ವಿವರ ಪತ್ರ ಸಾಲಗಾರರಿಗೆ ಸಹಿಗೆ ಕನಿಷ್ಠ 3 ಕೆಲಸದ ದಿನ ಮೊದಲೇ ತಲುಪಬೇಕು. ಆಮೇಲೆ ಶುಲ್ಕಗಳನ್ನೂ ಸೇರಿಸಿ ಲೆಕ್ಕ ಹಾಕುವ ವಾರ್ಷಿಕ ದರ ನಿಗದಿತ ಮಿತಿ ಮೀರಿ ಏರಿದರೆ, ಸಾಲದ ಬಗೆಯೇ ಬದಲಾದರೆ ಅಥವಾ ಅವಧಿಗೆ ಮುನ್ನ ತೀರಿಸಿದರೆ ದಂಡ ಎಂಬ ಷರತ್ತು ಸೇರಿದರೆ, ಆ 3 ದಿನ ಮತ್ತೆ ಮೊದಲಿಂದ ಎಣಿಕೆಯಾಗುತ್ತದೆ. ಹೀಗೊಂದು ನಿಯಮ ಇರಲಿ ಇಲ್ಲದಿರಲಿ, ಅಂತಿಮ ಲೆಕ್ಕವನ್ನು ಮೂರು ನಾಲ್ಕು ದಿನ ಮೊದಲೇ ಬರಹದಲ್ಲಿ ಕೊಡಿ ಎಂದು ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಈಗಿನ ಕಾಲದ ಇನ್ನೊಂದು ಅಪಾಯವನ್ನು ಹೇಳಲೇಬೇಕು. ಮಾರುವವರ, ವಕೀಲರ ಅಥವಾ ಮಧ್ಯವರ್ತಿಯ ಇಮೇಲ್‌ಗೆ ಕನ್ನ ಹಾಕಿದ ವಂಚಕರು ಮಾತುಕತೆಯನ್ನೆಲ್ಲ ಓದಿಕೊಂಡು, ಹಣ ಕಟ್ಟುವ ಹಿಂದಿನ ದಿನ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಹೊಸ ಖಾತೆಗೆ ಕಳುಹಿಸಿ" ಎಂದು ಅವರದೇ ಧಾಟಿಯಲ್ಲಿ ಸಂದೇಶ ಕಳುಹಿಸುತ್ತಾರೆ. ಅಂಥ ಸಂದೇಶ ಬಂದರೆ ಅದರಲ್ಲೇ ಕೊಟ್ಟಿರುವ ಸಂಖ್ಯೆಗೆ ಫೋನ್ ಮಾಡದೆ, ನಮ್ಮ ಬಳಿ ಮೊದಲಿಂದ ಇರುವ ಸಂಖ್ಯೆಗೆ ಮಾಡಿ, ಪರಿಚಿತ ದನಿಯ ಬಾಯಿಂದಲೇ ಖಾತೆಯ ಅಂಕಿಗಳನ್ನು ಕೇಳಿ ಬರೆದುಕೊಳ್ಳಬೇಕು. ಹೋದ ಹಣವನ್ನು ಮರಳಿ ಪಡೆಯುವುದು ಬಹಳ ಕಷ್ಟ.

ಮನೆಯನ್ನು ಕೊನೆಯ ಸಲ ನೋಡುವುದನ್ನು ನಾನು ಶಾಸ್ತ್ರಕ್ಕೆ ಮಾಡುವ ಕೆಲಸವೆಂದು ತಿಳಿದಿದ್ದೆ. ಗೋಡೆ ಒತ್ತಿ ನೋಡಿದ ಮೇಲೆ ಬುದ್ಧಿ ಬಂತು. ಮನೆ ಖಾಲಿಯಾದ ಮೇಲೆ, ಹಗಲು ಬೆಳಕಿನಲ್ಲಿ, ನೀರು ಮತ್ತು ಕರೆಂಟ್ ಇರುವಾಗಲೇ ಹೋಗಬೇಕು. ಮಾರುವವರು ಮುಂಚೆಯೇ ಸಂಪರ್ಕ ಕಡಿಸಿಬಿಟ್ಟಿದ್ದರೆ ಏನನ್ನೂ ಪರೀಕ್ಷಿಸಲಾಗದು. ಎಲ್ಲ ನಲ್ಲಿಗಳನ್ನು ಒಟ್ಟಿಗೆ ತಿರುಗಿಸಿ ಕಾಲು ಗಂಟೆ ಹರಿಯಲು ಬಿಟ್ಟು, ಆಮೇಲೆ ಸಿಂಕಿನ ಕೆಳಗೆ ಒಣ ಕೈ ಆಡಿಸಿ ನೋಡಬೇಕು. ಬಚ್ಚಲಿನ ಕೆಳಗಿನ ಅಂತಸ್ತಿನ ಸೂರನ್ನೂ ಟಾರ್ಚ್ ಬಿಟ್ಟು ನೋಡಬೇಕು. ಕೊಡುತ್ತೇವೆಂದು ಕರಾರಿನಲ್ಲಿ ಬರೆದಿದ್ದ ಗೀಸರ್, ಫ್ಯಾನು, ಬಾಗಿಲಿನ ಬೀಗ ಜಾಗದಲ್ಲೇ ಇವೆಯೇ ಎಂದು ಎಣಿಸಬೇಕು. ಕರಾರಿನ ಪ್ರತಿ ಕೈಯಲ್ಲಿರಲಿ, ಕಂಡದ್ದರ ಫೋಟೊ ಇರಲಿ.

ತೊಂದರೆ ಕಂಡಾಗ ದಾರಿಗಳು ಇಲ್ಲದಿಲ್ಲ. ಮಾರುವವರೇ ದುರಸ್ತಿ ಮಾಡಿಸಿಕೊಡುವುದು ಒಂದು. ಆದರೆ ಬಿಟ್ಟುಹೋಗುವ ಮನೆಗೆ ಯಾರೂ ಮನಸ್ಸಿಟ್ಟು ಕೆಲಸ ಮಾಡಿಸುವುದಿಲ್ಲವಾದ್ದರಿಂದ, ದುರಸ್ತಿ ಮುಗಿದ ಮೇಲೆ ನಾವು ಮತ್ತೆ ನೋಡುವವರೆಗೆ ಸಹಿ ಇಲ್ಲವೆಂಬುದು ಖಚಿತವಿರಬೇಕು. ಬೆಲೆಯಲ್ಲಿ ಅಷ್ಟು ಕಡಿತ ಮಾಡಿಕೊಂಡು ನಾವೇ ಮಾಡಿಸಿಕೊಳ್ಳುವುದು ನನಗೆ ಹೆಚ್ಚು ಸರಿ ಕಾಣುತ್ತದೆ. ಹಾಗೆ ಮಾಡುವಾಗ ಸಾಲದಾತರಿಗೆ ಮೊದಲೇ ತಿಳಿಸಬೇಕು, ಏಕೆಂದರೆ ಸಾಲ ನಿಗದಿಯಾಗಿರುವುದು ಹಳೆಯ ಬೆಲೆಯ ಮೇಲೆ. ಸಮಯ ಹಿಡಿಯುವ ಕೆಲಸವಾದರೆ ಬಾಕಿಯ ಒಂದು ಭಾಗವನ್ನು ಇಬ್ಬರೂ ನಂಬುವ ಮೂರನೆಯವರ ಬಳಿ ಅಥವಾ ಷರತ್ತು ಪೂರೈಸುವವರೆಗೆ ಹಣ ಹಿಡಿದಿಡುವ ಎಸ್ಕ್ರೋ ಖಾತೆಯಲ್ಲಿ ಇಟ್ಟು, ಯಾವ ಕೆಲಸ ಯಾವ ದಿನದೊಳಗೆ ಮುಗಿದರೆ ಅದು ಮಾರುವವರಿಗೆ, ಮುಗಿಯದಿದ್ದರೆ ನಮಗೆ ಎಂದು ಬರೆದುಕೊಳ್ಳಬಹುದು. ಮಾರುವವರು "ಇನ್ನು ಹದಿನೈದು ದಿನ ಇಲ್ಲೇ ಇರುತ್ತೇವೆ" ಎಂದು ಕೇಳಿದಾಗಲೂ ಇದೇ ಏರ್ಪಾಡು: ಬಿಡುವ ದಿನಾಂಕ, ಮೀರಿದರೆ ದಿನಕ್ಕಿಷ್ಟು, ಹಿಡಿದಿಟ್ಟ ಹಣವೆಷ್ಟು. ಬಾಯಿಮಾತಿನ ಭರವಸೆಯೊಂದನ್ನು ಮಾತ್ರ ನಾನು ದಾರಿಯೆಂದು ಎಣಿಸುವುದಿಲ್ಲ, ಕೊಟ್ಟವರು ಎಷ್ಟೇ ಸಭ್ಯರಿರಲಿ.

ದಿನಾಂಕ ಮೀರಿದರೆ ಮುಂಗಡ ಮುಳುಗುತ್ತದೆಯೇ ಎಂಬ ಭಯ ಸಹಜ. ಅದಕ್ಕೆ ಉತ್ತರ ಕರಾರಿನಲ್ಲೇ ಇರುತ್ತದೆ, ಓದಬೇಕು. ಇಂಗ್ಲೆಂಡಿನಲ್ಲಿ ಮನೆ ಮಾರಾಟಕ್ಕೆ ವಾಡಿಕೆಯಲ್ಲಿರುವ ಮಾದರಿ ಷರತ್ತುಗಳ ಪ್ರಕಾರ, ನಿಗದಿತ ದಿನ ವ್ಯವಹಾರ ಮುಗಿಯದಿದ್ದರೆ ಸಿದ್ಧವಿರುವ ಪಕ್ಷ ನೋಟಿಸ್ ಕೊಟ್ಟು 10 ಕೆಲಸದ ದಿನಗಳ ಕಾಲಾವಕಾಶ ಕೊಡಬಹುದು. ಇನ್ನು ದೋಷದ ಮಾತಿಗೆ ಬಂದರೆ, ಭಾರತದ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮು, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದಂಥ, ಮಾರುವವರಿಗೆ ಮಾತ್ರ ಗೊತ್ತಿರುವ ಮುಖ್ಯ ದೋಷವನ್ನು ಅವರು ತಿಳಿಸಲೇಬೇಕೆನ್ನುತ್ತದೆ. ಎಚ್ಚರಿಕೆಯಿಂದ ನೋಡಿದ್ದರೆ ಕಾಣುತ್ತಿದ್ದ ದೋಷಕ್ಕೆ ಈ ರಕ್ಷಣೆ ಸಿಗದು. ಆ ಬೀರುವಿನ ಹಿಂದಿನ ಗೋಡೆ ಇವೆರಡರಲ್ಲಿ ಯಾವುದಕ್ಕೆ ಸೇರುತ್ತಿತ್ತು ಎಂದು ನಾನು ಇಂದಿಗೂ ಯೋಚಿಸುತ್ತೇನೆ. ಏನೇ ಇರಲಿ, ದಿನ ಮುಂದೂಡುವ ಕಾರಣವನ್ನು ಅಂದೇ ಬರಹದಲ್ಲಿ ತಿಳಿಸಿ, ಹೊಸ ದಿನಾಂಕಕ್ಕೆ ಇಬ್ಬರೂ ಸಹಿ ಹಾಕಿಕೊಂಡರೆ ಅರ್ಧ ಭಯ ಅಲ್ಲಿಗೇ ಕಳೆಯುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ: ಮನೆ ಖರೀದಿಯ ಮುಂದಿನ ಲೇಖನಗಳಲ್ಲಿ ಈ ಕೊನೆಯ ದಿನಗಳಿಗೆಂದೇ ಒಂದು ಕಂತನ್ನು ಮೀಸಲಿಡಿ. ಕರಾರು ಬರೆಯುವಾಗಲೇ ಅಂತಿಮ ವೀಕ್ಷಣೆಯ ಹಕ್ಕು, ದೋಷ ಕಂಡರೆ ದಿನಾಂಕ ಮುಂದೂಡುವ ಷರತ್ತು, ಹಣ ತಡೆಹಿಡಿಯುವ ಷರತ್ತು ಇವು ಮೂರನ್ನು ಯಾವ ಮಾತುಗಳಲ್ಲಿ ಬರೆಸಬೇಕೆಂದು ಅನುಭವಿ ವಕೀಲರಿಂದ ಒಂದು ಮಾದರಿಯನ್ನೂ ಬರೆಸಿ ಪ್ರಕಟಿಸಿ. ಕತ್ತರಿಸಿ ಇಟ್ಟುಕೊಳ್ಳುವವರು ಬಹಳ ಮಂದಿ ಇದ್ದಾರೆ. ತಂಗಿಯ ಕಿರಿಯ ಮಗಳು ಈಗ ಮನೆ ಹುಡುಕುತ್ತಿರುವುದರಿಂದ ನಾನಂತೂ ಒಬ್ಬ.

ಇಂತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಹಳೆಯ ಓದುಗ