ಹುಟ್ಟುಹಬ್ಬದ ತಟ್ಟೆ ಬದಲಾಗುತ್ತಿದೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗ್ರಾಹಕರೇ,

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಾವು, ಮುಂಬಯಿಯ ಮುಲುಂಡಿನ ಅಡುಗೆಮನೆಯ ಹೆಂಗಸರು, ಮಕ್ಕಳ ಹುಟ್ಟುಹಬ್ಬಕ್ಕೆ ಕಳಿಸುವ ತಿಂಡಿ ಬದಲಾಗುತ್ತದೆ. ಮೈದಾ ಕ್ರೀಮ್ ಕೇಕ್, ಚಿಪ್ಸ್ ಪೊಟ್ಟಣ, ಮಾವಿನ ಜ್ಯೂಸು, ಕೈಗೊಂದು ಚಾಕೊಲೇಟ್ ಇದ್ದ ಹಳೆ ತಟ್ಟೆ ಇನ್ನು ಇರುವುದಿಲ್ಲ. ಅದರ ಜಾಗಕ್ಕೆ ಪಡ್ಡು, ಚುರುಮುರಿ, ಹೆಚ್ಚಿದ ಹಣ್ಣು, ಮಜ್ಜಿಗೆ ಮತ್ತು ಒಂದು ಚಿಕ್ಕ ತುಂಡು ರಾಗಿ ಕೇಕ್ ಬರುತ್ತದೆ. ಒಂದು ಮಗುವಿಗೆ 140 ರೂಪಾಯಿ ಆಗುತ್ತಿದ್ದದ್ದು 95 ಆಗುತ್ತದೆ. ಈಗಾಗಲೇ ಹೇಳಿ ಮುಂಗಡ ಕೊಟ್ಟವರಿಗೆ ಅವರು ಕೇಳಿದ್ದನ್ನೇ ಕೊಡುತ್ತೇವೆ, ಅದರ ಚಿಂತೆ ಬೇಡ.

ಬೆಲೆ ಇಳಿದದ್ದನ್ನು ನೋಡಿ ಕೆಲವರು ಆಗಲೇ ಕೇಳಿದ್ದಾರೆ, ಆರೋಗ್ಯದ ತಿಂಡಿ ಅಂದರೆ ದುಬಾರಿ ಅಲ್ವಾ, ನೀವು ಹೇಗೆ ಕಡಿಮೆಗೆ ಕೊಡುತ್ತೀರಿ ಎಂದು. ದುಬಾರಿ ಆಗುವುದು ಪೊಟ್ಟಣ. ಮಾಲ್‌ನಲ್ಲಿ ಸಿಗುವ ಮಲ್ಟಿಗ್ರೇನ್ ಕುಕೀಸ್, ಓಟ್ಸ್ ಬಾರ್, ಸಿರಿಧಾನ್ಯದ ಪಫ್ಸ್ ಇವುಗಳ ಹಿಂಬದಿಯ ಸಣ್ಣ ಅಕ್ಷರ ಒಮ್ಮೆ ಓದಿ ನೋಡಿ. ನಮ್ಮ ದೇಶದ ನಿಯಮದ ಪ್ರಕಾರ ಯಾವ ಪದಾರ್ಥ ಜಾಸ್ತಿ ಇದೆಯೋ ಅದನ್ನೇ ಮೊದಲು ಬರೆಯಬೇಕು. ಮುಂದೆ ರಾಗಿಯ ತೆನೆ, ಹಿಂದೆ ಮೊದಲ ಪದವೇ ಮೈದಾ, ಎರಡನೆಯದೋ ಮೂರನೆಯದೋ ಸಕ್ಕರೆ, ಇಂಥವು ಬೇಕಾದಷ್ಟು ಸಿಗುತ್ತವೆ. ನಮಗೆ ಬೇಕಾದದ್ದೆಲ್ಲ ಮಾಟುಂಗಾ ಮಾರುಕಟ್ಟೆಯಲ್ಲಿ, ಇಲ್ಲೇ ಮುಲುಂಡ್ ಸ್ಟೇಷನ್ ಪಕ್ಕದ ತರಕಾರಿಯವರ ಹತ್ತಿರ ಸಿಗುತ್ತದೆ: ಇಡ್ಲಿ ಅಕ್ಕಿ, ಉದ್ದು, ರಾಗಿ, ಹುರಿಗಡಲೆ, ಮಂಡಕ್ಕಿ, ಬಾಳೆಹಣ್ಣು. ಇವು ನಮ್ಮ ಅಜ್ಜಿಯರ ಕಾಲದಿಂದಲೂ ಬಡವರ ಮನೆಯಲ್ಲೂ ಇದ್ದ ಸಾಮಾನು. ಹಳೆ ತಟ್ಟೆಯಲ್ಲಿ ನಾವು ಅಂಗಡಿಯ ಮಾಲು ಕೊಂಡು ನಿಮಗೆ ದಾಟಿಸುತ್ತಿದ್ದೆವು, ಅದರಲ್ಲಿ ನಮ್ಮ ಹೆಂಗಸರ ಕೈಕೆಲಸಕ್ಕೆ ಉಳಿಯುತ್ತಿದ್ದದ್ದು ಬಹಳ ಕಡಿಮೆ. ಈಗ ಅಡುಗೆ ಪೂರ್ತಿ ನಮ್ಮದು, ದುಡ್ಡು ಕೂಡ ಕೆಲಸ ಮಾಡಿದವರ ಕೈಗೇ ಬರುತ್ತದೆ.

ಸಕ್ಕರೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. 2025ರ ಮೇ ತಿಂಗಳಲ್ಲಿ ಕೇಂದ್ರದ ಶಾಲಾ ಮಂಡಳಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ, ಯಾವ ತಿಂಡಿಯಲ್ಲಿ ಎಷ್ಟು ಸಕ್ಕರೆ ಎಂದು ತೋರಿಸುವ ಸಕ್ಕರೆ ಫಲಕ ಹಾಕಿ ಎಂದು ಹೇಳಿದ ಮೇಲೆ ಮಕ್ಕಳೇ ಮನೆಗೆ ಬಂದು ಲೆಕ್ಕ ಕೇಳುತ್ತಿದ್ದಾರೆ. ಲೆಕ್ಕ ಹೀಗಿದೆ. 7ರಿಂದ 9 ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,700 ಕ್ಯಾಲರಿ ಬೇಕು. ಅದರಲ್ಲಿ ಸೇರಿಸಿದ ಸಕ್ಕರೆ, ಬೆಲ್ಲ, ಜೇನು, ಹಣ್ಣಿನ ರಸದ ಸಕ್ಕರೆ ಎಲ್ಲ ಸೇರಿ ನೂರಕ್ಕೆ 10ಕ್ಕಿಂತ ಕಡಿಮೆ ಇರಲಿ, ಸಾಧ್ಯವಾದರೆ 5ಕ್ಕಿಂತ ಕಡಿಮೆ, ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಹತ್ತು ಅಂದರೆ 170 ಕ್ಯಾಲರಿ, ಸಕ್ಕರೆಯಲ್ಲಿ ಅದು 42 ಗ್ರಾಂ ಆಯಿತು, ಸುಮಾರು ಎಂಟು ಟೀ ಚಮಚ. ಮಾವಿನ ಜ್ಯೂಸಿನಲ್ಲಿ 100 ಮಿಲಿಗೆ ಸಾಮಾನ್ಯವಾಗಿ 12 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ, 160 ಮಿಲಿಯ ಒಂದು ಚಿಕ್ಕ ಡಬ್ಬಿ ಕುಡಿದರೆ 19 ಗ್ರಾಂ. ಇಡೀ ದಿನದ ಮಿತಿಯ ಹತ್ತಿರ ಹತ್ತಿರ ಅರ್ಧ ಅಲ್ಲೇ ಮುಗಿಯಿತು, ಕೇಕ್ ಇನ್ನೂ ಕತ್ತರಿಸಿಯೇ ಇಲ್ಲ! ಅದಕ್ಕೇ ಮೊದಲು ತೆಗೆದದ್ದು ಜ್ಯೂಸನ್ನು. ಜೀರಿಗೆ, ಕೊತ್ತಂಬರಿ ಹಾಕಿದ ನೀರು ಮಜ್ಜಿಗೆಯನ್ನು ಮಕ್ಕಳು ಆಡಿ ಬೆವರಿ ಬಂದಾಗ ಎರಡೆರಡು ಲೋಟ ಕುಡಿಯುತ್ತಾರೆ, ಮುಂಬಯಿಯ ಸೆಕೆಗೆ ಅದೇ ಸರಿ.

ಕೇಕಿಗೆ ಬೆಲ್ಲ ಹಾಕುತ್ತೇವೆ, ಕೊಲ್ಹಾಪುರದ್ದು. ಹಾಗೆಂದು ಇದು ಸಕ್ಕರೆ ಇಲ್ಲದ ಕೇಕ್ ಅಂತ ನಾವು ಹೇಳುವುದಿಲ್ಲ, ಯಾರಾದರೂ ಹಾಗೆ ಹೇಳಿ ಮಾರಿದರೆ ನಂಬಲೂಬೇಡಿ. ಬೆಲ್ಲದಲ್ಲಿ ಇರುವುದೂ ಹೆಚ್ಚಿನ ಪಾಲು ಸಕ್ಕರೆಯೇ. ರುಚಿ ಬೇರೆ, ಪರಿಮಳ ಬೇರೆ, ದೇಹದ ಲೆಕ್ಕ ಒಂದೇ. ನಾವು ಮಾಡಿದ್ದು ಇಷ್ಟೇ: ಚೆನ್ನಾಗಿ ಹಣ್ಣಾದ ಬಾಳೆಹಣ್ಣು ಜಾಸ್ತಿ ಹಾಕಿ ಬೆಲ್ಲ ಇಳಿಸಿದ್ದೇವೆ, ತುಂಡನ್ನೂ ಚಿಕ್ಕದು ಮಾಡಿದ್ದೇವೆ. ಒಂದು ತುಂಡಿನಲ್ಲಿ ಎರಡು ಚಮಚಕ್ಕಿಂತ ಕಡಿಮೆ ಬೆಲ್ಲ ಇರುತ್ತದೆ. ರಾಗಿಯ ಬಗ್ಗೆಯೂ ಹಾಗೇ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಇರುವುದು ನಿಜ, ಆದರೆ ಒಂದು ತುಂಡು ಕೇಕಿನಲ್ಲಿ ಹೋಗುವ ರಾಗಿಹಿಟ್ಟು 15 ಗ್ರಾಂ. ರಾಗಿ ಇದೆಯೆಂದು ಮಗುವಿಗೆ ಹಾಲು ಬಿಡಿಸಬೇಡಿ. ರಾಗಿ ಹಾಕುವುದು ಅದರ ನಾರಿಗೆ, ರುಚಿಗೆ, ಮೈದಾ ಬೇಡ ಎನ್ನುವುದಕ್ಕೆ. ಪೂರ್ತಿ ರಾಗಿ ಹಾಕಿದರೆ ಕೇಕ್ ಪುಡಿಪುಡಿಯಾಗುತ್ತದೆ, ಅದರಲ್ಲಿ ಅಂಟು ಇಲ್ಲವಲ್ಲ, ಹಾಗಾಗಿ ಅರ್ಧ ಗೋಧಿಹಿಟ್ಟು. ಮೊಟ್ಟೆ ಇಲ್ಲ.

ಮೇಲಿನ ಕ್ರೀಮ್ ನಮಗೆ ಬಹಳ ತಲೆನೋವು ಕೊಟ್ಟಿತು. ಕೇಕ್ ಅಂಗಡಿಗಳಲ್ಲಿ ಬಳಸುವ ಬಿಳಿ ಕ್ರೀಮ್ ಹೆಚ್ಚಿನ ಕಡೆ ಹಾಲಿನದ್ದಲ್ಲ, ಗಟ್ಟಿ ಮಾಡಿದ ಎಣ್ಣೆ, ಸಕ್ಕರೆ, ನೀರು. ಎಣ್ಣೆ ಗಟ್ಟಿ ಮಾಡುವಾಗ ಹುಟ್ಟುವ, ಹೃದಯಕ್ಕೆ ಕೆಟ್ಟ ಟ್ರಾನ್ಸ್ ಕೊಬ್ಬು ಒಟ್ಟು ಎಣ್ಣೆ ಕೊಬ್ಬಿನಲ್ಲಿ ನೂರಕ್ಕೆ 2ಕ್ಕಿಂತ ಜಾಸ್ತಿ ಇರಬಾರದೆಂದು 2022ರ ಜನವರಿಯಿಂದ ನಿಯಮ ಇದೆ, ಅದು ಒಳ್ಳೆಯದೇ ಆಯಿತು, ಆದರೂ ಉಳಿದ ಗಟ್ಟಿ ಕೊಬ್ಬು ಮತ್ತು ಸಕ್ಕರೆ ಅಲ್ಲೇ ಇವೆ. ನಾವು ಈಗ ಚಕ್ಕಾ ಬಳಸುತ್ತೇವೆ. ಇಲ್ಲಿ ಶ್ರೀಖಂಡಕ್ಕೆ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸುತ್ತಾರಲ್ಲ, ಅದೇ. ಸ್ವಲ್ಪ ಬೆಲ್ಲದ ಪುಡಿ, ಏಲಕ್ಕಿ, ಹಣ್ಣಿನ ಕಾಲದಲ್ಲಿ ಹಾಪೂಸ್ ಮಾವಿನ ತಿರುಳು. ಮಕ್ಕಳು ಬೆರಳಲ್ಲಿ ತೆಗೆದು ತಿನ್ನುತ್ತಾರೆ. ಒಂದು ತೊಂದರೆ ಮಾತ್ರ ಇದೆ, ಫ್ರಿಜ್ಜಿನಿಂದ ತೆಗೆದ ಮೇಲೆ ಇದು ಜಾಸ್ತಿ ಹೊತ್ತು ನಿಲ್ಲುವುದಿಲ್ಲ, ಇಳಿದುಬಿಡುತ್ತದೆ. ದಯವಿಟ್ಟು ಮೇಣದಬತ್ತಿ ಹಚ್ಚುವ ಹೊತ್ತಿಗೇ ತೆಗೆಯಿರಿ. ಇದರ ಮೇಲೆ ಕಾರ್, ಗೊಂಬೆ, ಯುನಿಕಾರ್ನ್ ಮಾಡಲು ಬರುವುದಿಲ್ಲ. ಹೆಸರು ಮತ್ತು ವಯಸ್ಸನ್ನು ಹಣ್ಣಿನ ತುಂಡುಗಳಿಂದ ಬರೆದುಕೊಡುತ್ತೇವೆ.

ಬಣ್ಣ ಕೂಡ ಹೋಯಿತು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ಹಾಕುವ ಕೃತಕ ಬಣ್ಣ ನಿಷೇಧಿಸಿದ್ದು ನೆನಪಿರಬಹುದು, ಆಗ ಊರಿನಿಂದ ನಮ್ಮೆಲ್ಲರ ಫೋನಿಗೂ ಆ ಸುದ್ದಿ ಬಂದಿತ್ತು. ಕೇಕಿಗೆ ಹಾಕುವ ಬಣ್ಣಗಳಲ್ಲಿ ಮಿತಿಯೊಳಗೆ ಅನುಮತಿ ಇರುವವೂ ಇವೆ, ಅವನ್ನು ವಿಷ ಎಂದು ಹೆದರಿಸುವುದು ನಮಗೆ ಬೇಕಿಲ್ಲ. ಆದರೆ ತಿನ್ನುವ ವಸ್ತುವಿಗೆ ಬರೀ ನೋಟಕ್ಕಾಗಿ ಏನೋ ಸೇರಿಸುವುದು ಬೇಡ ಎನಿಸಿತು. ಗುಲಾಬಿ ಬೇಕಾದರೆ ಬೀಟ್‌ರೂಟ್ ರಸ, ಅದನ್ನೂ ಚಕ್ಕಾಗೆ ಮಾತ್ರ, ಯಾಕೆಂದರೆ ಕೇಕಿನ ಜೊತೆ ಬೇಯಿಸಿದರೆ ಕಂದು ಆಗುತ್ತದೆ. ಅರಿಶಿನವನ್ನು ಸೋಡಾ ಇರುವ ಹಿಟ್ಟಿಗೆ ಹಾಕಿದರೆ ಕೆಂಪಾಗುತ್ತದೆ, ಮನೆಯಲ್ಲಿ ಮಾಡುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ.

ಮುಲುಂಡಿನಲ್ಲಿ ನಮ್ಮ ಕಟ್ಟಡಗಳಲ್ಲಿ ಗುಜರಾತಿ ಜೈನ ಕುಟುಂಬಗಳು ಬಹಳ ಇವೆ, ಹುಟ್ಟುಹಬ್ಬಕ್ಕೆ ಆ ಮಕ್ಕಳೂ ಬರುತ್ತಾರೆ, ನೆಲದೊಳಗೆ ಬೆಳೆಯುವ ತರಕಾರಿ ಅವರು ತಿನ್ನುವುದಿಲ್ಲ. ಅವರಿಗೆ ಬೇರೆ ತಟ್ಟೆ ಹಾಕಿ ಪಕ್ಕಕ್ಕೆ ಕೂರಿಸುವುದು ಚೆನ್ನಾಗಿರುವುದಿಲ್ಲ. ಮೊದಲೇ ಹೇಳಿದರೆ ಎಲ್ಲರ ಪಡ್ಡುವನ್ನೂ ಈರುಳ್ಳಿ, ಕ್ಯಾರೆಟ್ ಇಲ್ಲದೆ ಮೆಂತ್ಯ ಸೊಪ್ಪು, ದಪ್ಪ ಮೆಣಸಿನಕಾಯಿ ಹಾಕಿ ಮಾಡುತ್ತೇವೆ, ಬೀಟ್‌ರೂಟ್ ಬದಲು ದಾಳಿಂಬೆ. ಪಡ್ಡುವಿನ ಜೊತೆ ಬರುವುದು ಹುರಿಗಡಲೆ ಚಟ್ನಿ. ಶೇಂಗಾ ಚಟ್ನಿ ಎಲ್ಲರಿಗೂ ಇಷ್ಟ, ನಮಗೂ ಇಷ್ಟ, ಆದರೆ ಶೇಂಗಾ ಆಗಿಬರದ ಮಕ್ಕಳು ಇರುತ್ತಾರೆ ಮತ್ತು ಬೇರೆಯವರ ಮನೆಯಲ್ಲಿ ಮಕ್ಕಳು ಕೇಳಿ ತಿನ್ನುವುದಿಲ್ಲ. ಅದೇ ಕಾರಣಕ್ಕೆ ಚುರುಮುರಿಯಿಂದಲೂ ಶೇಂಗಾ ತೆಗೆದಿದ್ದೇವೆ.

ಮನೆಗೆ ಹೋಗುವಾಗ ಕೊಡುವ ಪೊಟ್ಟಣದಲ್ಲಿ ಈಗ ಒಂದು ರಾಜಗಿರಿ ಲಾಡು, ಒಂದು ಹಿಡಿ ಮಸಾಲೆ ಹುರಿಗಡಲೆ ಇರುತ್ತದೆ, ಕಾಗದದ ಚೀಲದಲ್ಲಿ. ಐದು ವರ್ಷದೊಳಗಿನ ಪುಟ್ಟ ಮಕ್ಕಳಿಗೆ ಮಾತ್ರ ಹುರಿಗಡಲೆ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯ ಇರುತ್ತದೆ. ಅವರಿಗೆ ಬರೀ ಲಾಡು. ದ್ರಾಕ್ಷಿಯನ್ನೂ ಉದ್ದಕ್ಕೆ ಸೀಳಿಯೇ ಕಳಿಸುತ್ತೇವೆ, ನೀವು ಮನೆಯಿಂದ ಸೇರಿಸುವುದಾದರೆ ಹಾಗೇ ಮಾಡಿ.

ಇನ್ನೊಂದು ಮಾತು, ಇದು ತಿಂಡಿಯಷ್ಟೇ ಮುಖ್ಯ. ಬಡಿಸುವ ಕ್ರಮ. ಸಂಜೆ ಐದೂವರೆಗೆ ಬರುವ ಮಕ್ಕಳು ಹಸಿದಿರುತ್ತಾರೆ, ಆಗ ಮೊದಲು ಕೇಕ್ ಕತ್ತರಿಸಿದರೆ ಅದನ್ನೇ ತಿಂದು ಹೊಟ್ಟೆ ತುಂಬಿಸಿಕೊಂಡು ಉಳಿದದ್ದನ್ನು ತಟ್ಟೆಯಲ್ಲಿ ಬಿಡುತ್ತಾರೆ. ಬಂದ ತಕ್ಷಣ ಬಿಸಿ ಪಡ್ಡು ಕೊಡಿ, ಆಡಲು ಬಿಡಿ, ಮಧ್ಯೆ ಹಣ್ಣು ಮಜ್ಜಿಗೆ, ಕೇಕ್ ಕೊನೆಗೆ. ಚಿಕ್ಕ ತುಂಡು ಸಾಕಾಗುತ್ತದೆ, ಇನ್ನೊಂದು ಕೊಡಿ ಎಂದು ಹಟ ಮಾಡುವವರು ಕಡಿಮೆ.

ಕ್ರೀಮ್ ಕೇಕೇ ಬೇಕು ಎನ್ನುವ ಮನೆಗಳೂ ಇರುತ್ತವೆ, ಮಗು ವರ್ಷವಿಡೀ ಅದಕ್ಕೇ ಕಾದಿರುತ್ತದೆ. ಅದು ತಪ್ಪಲ್ಲ. ಕೇಕನ್ನು ನಿಮಗೆ ಬೇಕಾದಲ್ಲಿಂದ ತನ್ನಿ, ಉಳಿದ ತಟ್ಟೆ ನಮ್ಮಿಂದ ತೆಗೆದುಕೊಳ್ಳಿ, ಆಗ ಮಗುವಿಗೆ 70 ರೂಪಾಯಿ.

ಹಿಟ್ಟು ಹುದುಗಲು, ಚಕ್ಕಾ ಇಳಿಯಲು ಸಮಯ ಬೇಕು, ಹಾಗಾಗಿ ಕನಿಷ್ಠ ಮೂರು ದಿನ ಮೊದಲು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹೇಳಿ. ಮಕ್ಕಳ ವಯಸ್ಸು, ಜೈನ ತಟ್ಟೆ ಬೇಕೋ, ಯಾರಿಗಾದರೂ ಯಾವುದಾದರೂ ಆಗಿಬರುವುದಿಲ್ಲವೋ, ಎಲ್ಲ ಬರೆಯಿರಿ. ಭಾಂಡುಪ್, ಠಾಣೆ, ಡೊಂಬಿವಲಿಯವರಿಗೆ ಮಧ್ಯಾಹ್ನ ಮೂರರೊಳಗೆ ತಲುಪಿಸುತ್ತೇವೆ, ಸಂಜೆಯ ಲೋಕಲ್ ರೈಲಿನಲ್ಲಿ ಪಾತ್ರೆ ಹಿಡಿದು ಹತ್ತುವುದು ಆಗದ ಮಾತು. ಪಡ್ಡುವನ್ನು ತವೆಯ ಮೇಲೆ ಒಂದು ನಿಮಿಷ ಬಿಸಿ ಮಾಡಿಕೊಳ್ಳಿ. ಸ್ಟೀಲ್ ಡಬ್ಬಿಗಳನ್ನು ಮರುದಿನ ತೊಳೆದಿಡಿ, ನಮ್ಮವರು ಬಂದು ಒಯ್ಯುತ್ತಾರೆ.

ಇಂತಿ ನಿಮ್ಮ,
ಅಡುಗೆಮನೆಯ ಹೆಂಗಸರೆಲ್ಲರೂ
ಮುಲುಂಡ್, ಮುಂಬಯಿ